ಮುಚ್ಚಳದ ಮೇಲಿನ ಹೆಬ್ಬೆರಳು

ಅಪ್ಪಾ,

ಸಮಸ್ತ ಲೋಕಕ್ಕೆ ಈ ಮೂಲಕ ಸಾರುವುದೇನೆಂದರೆ, ಹಳೇ ಕಾರೊಂದರ ಕಾರ್ಬ್ಯುರೇಟರ್ ಮುಚ್ಚಳದ ಮೇಲೆ ಇಂದು ಬೆಳಿಗ್ಗೆ ಅಪರಾಧಿಯೊಬ್ಬ ಸಿಕ್ಕಿಬಿದ್ದಿದ್ದಾನೆ.

ಅದು ನಮ್ಮ ಷೆಡ್ಡಿನಲ್ಲಿ ನೀನೇ ಅದ್ದಿ ಹೊಂಬಣ್ಣ ಹಾಕಿದ್ದ ಮುಚ್ಚಳ. ಜಿಡ್ಡು ತೊಳೆದರೆ, ಬೆರಳಿನ ಎಣ್ಣೆಗೆ ಬಣ್ಣ ಹಿಡಿಯದೆ ಉಳಿದ ಒಂದು ಹೆಬ್ಬೆರಳಿನ ಗುರುತು. ಅದರ ನಡುವೆ ನಿನ್ನ ಹಳೇ ಗಾಯದ ಗೆರೆ!

"ಬಣ್ಣಕ್ಕೆ ಅದ್ದೋ ಮುಂಚೆ ಬರಿಗೈಲಿ ಮುಟ್ತಾರೇನೇ, ಕತ್ತೆ?" ಎಂದು ನೀನು ಗದರಿದ್ದಕ್ಕೇ ಅಲ್ಲವೇ ನಾನು ಷೆಡ್ಡು ಬಿಟ್ಟು ಹೋದದ್ದು? ಆಮೇಲೆ ಬಂದದ್ದು ನಿನ್ನ ಮಣ್ಣಿಗೇ; ಈಗ ಷೆಡ್ಡು ನನ್ನ ಕೈಲಿದೆ.

ಕಾರಿನವರು "ಈ ಕಲೆ ಹೋಗ್ಲೇಬೇಕಮ್ಮ" ಎನ್ನುತ್ತಿದ್ದಾರೆ. ಆಸಿಡ್‌ಗೆ ಅದ್ದಿ ಹೊಸದಾಗಿ ಬಣ್ಣ ಹಾಕಿದರೆ ಹೋಗುತ್ತದೆ. ಮೂರು ಸಲ ತೊಟ್ಟಿಯವರೆಗೆ ಒಯ್ದು ವಾಪಸು ತಂದೆ.

ಇಂಥದ್ದೇ ಇನ್ನೊಂದು ಮುಚ್ಚಳ ಎತ್ತಿಟ್ಟಿದ್ದೆಯಲ್ಲ, ಯಾವ ಡಬ್ಬದಲ್ಲಿದೆ ಅಂತ ಸ್ವಲ್ಪ ಹೇಳಪ್ಪ. ಅವರಿಗೆ ಅದನ್ನು ಕೊಡುತ್ತೇನೆ.