ಒಂದೇ ತರಹದ ಚಿತ್ರಗಳು

ಪ್ರೀತಿಯ ಅಮ್ಮನಿಗೆ,

ನಿನ್ನ ತಲೆ ಕೆಟ್ಟಿಲ್ಲ. ಬೇರೆ ಯಾವ ಮಾತಿಗೂ ಮೊದಲು ಇದನ್ನು ಬರೆಯುತ್ತಿದ್ದೇನೆ. ಅಜ್ಜಿಗೆ ಬಂದ ಮರೆವು ನಿನಗೆ ಬಂದಿಲ್ಲ. ಮೌಲೂದ್ ಹಬ್ಬದ ದಿನ ಐದು ತಾಟು ಬಿಂಗ್ಕ ತಿಂಡಿ ಹೇಳಿದ್ದ ಮನೆಗೆ ನೀನು ಒಂದೇ ತಾಟು ಒಯ್ದದ್ದು ನಿನ್ನ ನೆನಪಿನ ದೋಷದಿಂದಲ್ಲ, ನಿನ್ನ ಮಗಳ ಬೆರಳಿನ ದೋಷದಿಂದ. ದೋಣಿಯನ್ನು ಮಾರಬೇಡ.

ಸುರಬಾಯಾದಿಂದ ಬಂಜರ್ಮಾಸಿನ್‌ಗೆ ಹೊರಟ ಹಡಗಿನ ಮೇಲಂತಸ್ತಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಸುತ್ತಲೂ ಮಧ್ಯಾಹ್ನದ ಬಿಸಿಲು, ಚಾಪೆ ಹಾಸಿ ಮಲಗಿದ ಜನ. ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ಬೆಳಗ್ಗೆ ನಮ್ಮ ಮನೆಯ ನೀರಿನ ಕಡೆಯ ಮೆಟ್ಟಿಲ ಮೇಲೆ ಕೂತು ನಾನೇ ನಿನಗೆ ಓದಿ ಹೇಳುತ್ತೇನೆ. ಬಾಯಿಗೆ ಬಂದಂತೆ ಹೇಳಲು ಹೊರಟರೆ ನಾನು ನನ್ನ ಪರವಾಗಿ ವಾದ ಹೂಡುತ್ತೇನೆ, ಗೆದ್ದೂ ಬಿಡುತ್ತೇನೆ. ನನ್ನ ಸ್ವಭಾವ ನಿನಗೆ ಗೊತ್ತು. ಬರೆದದ್ದನ್ನು ಓದುವಾಗ ದಾರಿ ತಪ್ಪಲು ಆಗುವುದಿಲ್ಲ.

ಅಮ್ಮಾ, ನಿನಗೆ ಓದಲು ಬರೆಯಲು ಬಾರದೆಂಬುದು ನನಗೆ ತಿಳಿದು ಇಂದಿಗೆ ಮೂರು ದಿನ. ಹತ್ತೊಂಬತ್ತು ವರ್ಷ ನಿನ್ನ ಕೈಯಡುಗೆ ಉಂಡವಳಿಗೆ ಮೂರು ದಿನದ ಹಿಂದೆ ತಿಳಿಯಿತು. ಈ ವಾಕ್ಯವನ್ನು ಬರೆದು ಎರಡು ಸಲ ಓದಿದೆ. ಇನ್ನೂ ಅದು ಬೇರೆ ಯಾರದೋ ಮನೆಯ ಸುದ್ದಿಯಂತೆ ಕೇಳುತ್ತಿದೆ.

ತಿಳಿಸಿದವಳು ನಾನು ಚಿಕ್ಕಮ್ಮನಂತೆ ಅಚಿಲ್ ಎನ್ನುವ ರುಸ್ಮಿನಾ. ನದಿಯ ಮೇಲಿನ ಸಂತೆಯಲ್ಲಿ ನಿನ್ನ ದೋಣಿಯ ಮಗ್ಗುಲಿಗೆ ತನ್ನ ತರಕಾರಿ ದೋಣಿಯನ್ನು ಕಟ್ಟುವ, ಆರು ದೋಣಿ ಆಚೆಯವರ ಮಾತಿಗೂ ಉತ್ತರ ಕೊಡುವ ನಿನ್ನ ಗೆಳತಿ. ನಿನ್ನ ಫೋನು ಐದು ದಿನದಿಂದ ಬಾಯಿ ಬಿಡದೆ ಇದ್ದುದರಿಂದ ನಾನೇ ಅವಳಿಗೆ ಕರೆ ಮಾಡಿದ್ದೆ.

"ನಿಮ್ಮಮ್ಮ ಫೋನನ್ನ ತಗಡಿನ ಪೆಟ್ಟಿಗೇಲಿ ಹಾಕಿ ಬೀಗ ಜಡಿದಿದ್ದಾಳೆ ಕಣೇ. ದೋಣೀನೂ ಮಾರ್ತಾಳಂತೆ. ಭಾನುವಾರ ನೋಡೋಕೆ ಬರ್ತಾರೆ," ಎಂದಳು.

ಯಾಕೆ ಎಂದು ಕೇಳಿದೆ.

"ಹಬ್ಬದ ದಿನ ನಾಲ್ಕು ಮನೆಗೆ ತಿಂಡಿ ಕೊಡೋದಿತ್ತು. ನಾಲ್ಕಕ್ಕೂ ಒಂದೊಂದೇ ತಾಟು ಒಯ್ದಿದ್ದಾಳೆ. ಹಜ್ಜಾ ಜಮ್ರಾ ಐದು ಹೇಳಿದ್ಲಂತೆ. ನೆಂಟರೆಲ್ಲ ಕೂತಿರೋವಾಗ್ಲೇ ಅಂದ್ಲು, 'ಹಮ್ಸಿಯಾ, ಇನ್ನು ನಾಲ್ಕು ನದಿಗೆ ಬಿದ್ವಾ, ದಾರೀಲಿ ನೀನೇ ತಿಂದ್ಯಾ?' ಅಂತ. ಎಲ್ಲ ನಕ್ರು. ನಿಮ್ಮಮ್ಮಾನೂ ನಕ್ಕಳು. ವಾಪಸ್ ಬಂದು ನನ್ನ ದೋಣಿ ಪಕ್ಕ ನಿಂತು ಫೋನ್ ತೋರಿಸಿದ್ಲು. 'ನೋಡು ರುಸ್ಮಿನಾ, ಒಂದೇ ಇದೆ. ಅವರು ಐದು ಅಂದಿದ್ದಾರೆ, ನಾನು ಒಂದೇ ಸಲ ಹೊಡೆದಿದ್ದೀನಿ. ಅಮ್ಮನ ಕಾಯಿಲೆ ನಂಗೂ ಬಂತು' ಅಂದ್ಲು."

"ಒಂದೇ ಸಲ ಹೊಡೆಯೋದು ಅಂದ್ರೆ?"

ಅಚಿಲ್ ದನಿ ತಗ್ಗಿಸಿದಳು. ಅವಳ ದನಿ ತಗ್ಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಫೋಟೊ ಕಣೇ. ಮೊದಲು ಮನೆ ಮೆಟ್ಟಿಲದ್ದು ಒಂದು. ಆಮೇಲೆ ತಿಂಡೀದು. ಐದು ಬೇಕಂದ್ರೆ ಐದು ಸಲ, ಏಳು ಬೇಕಂದ್ರೆ ಏಳು ಸಲ. ಅದೇ ಅವಳ ಪುಸ್ತಕ. ನಿಂಗೆ ಗೊತ್ತಿಲ್ವಾ? ಅವಳಿಗೆ ಅಕ್ಷರ ಬರಲ್ಲ ಅಂತ ಇಡೀ ನದಿಗೆ ಗೊತ್ತು. ನಿನ್ನ ಮೆಸೇಜೆಲ್ಲ ಮತ್ತೆ ಯಾರು ಓದಿ ಹೇಳ್ತಿದ್ದಿದ್ದು? 'ಆ ರುಸ್ಮಿನಾಗೆ ನಮ್ಮ ಮನೆ ವಿಷ್ಯ ಹೇಳಬೇಡ' ಅಂತ ಬರೆದಿದ್ದೆಯಲ್ಲ, ಅದನ್ನೂ ನಾನೇ ಓದಿ ಹೇಳಿದೀನಿ. ಒಂದಕ್ಷರ ಬಿಟ್ಟಿಲ್ಲ."

ನಾನು ಹಾಸ್ಟೆಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೆ. ಕಲ್ಲು ಒದ್ದೆಯಾಗಿದೆಯೆಂದು ಎದ್ದ ಮೇಲೆ ತಿಳಿಯಿತು.

ಈಗ ನಾನು ಏನು ಮಾಡಿದೆನೆಂದು ಹೇಳುತ್ತೇನೆ. ರಜೆಯ ಕೊನೆಯ ದಿನ ನೆನಪಿದೆಯೇ? ನಾನು ಕೊಟ್ಟಿದ್ದ ನನ್ನ ಹಳೆಯ ಫೋನನ್ನು ನೀನು ನನ್ನ ಮುಂದಿಟ್ಟು, ಎಂದಿನ ಮುದ್ದಿನ ಕರೆಯಲ್ಲಿ "ಗಲುಹ್, ಬೆಳಗ್ಗೆಯಿಂದ ಇದು ಫೋಟೊ ಹಿಡೀತಿಲ್ಲ. ಉಣ್ಣಲ್ಲ ಅಂತ ಹಟ ಹಿಡಿದ ಮಗು ಥರ ಬಾಯಿ ಮುಚ್ಕೊಂಡಿದೆ" ಎಂದೆ. ಪರದೆಯ ಮೇಲೆ ಜಾಗ ಮುಗಿದಿದೆಯೆಂದು ದಪ್ಪ ಅಕ್ಷರಗಳಲ್ಲಿತ್ತು. ನಾನು ಅಂದೆ: "ಇಷ್ಟು ದೊಡ್ಡದಾಗಿ ಬರೆದಿದೆಯಲ್ಲಮ್ಮ, ಓದೋಕೇನು ಕಷ್ಟ?" ನೀನು "ಕನ್ನಡಕ ಇಲ್ಲಲ್ಲ ಮಗಳೇ" ಎಂದು ಒಲೆಯ ಕಡೆಗೆ ತಿರುಗಿದೆ. ನಿನಗೆ ಕನ್ನಡಕವೇ ಇಲ್ಲ, ಎಂದೂ ಇರಲಿಲ್ಲ. ಸೂಜಿಗೆ ದಾರ ಪೋಣಿಸುವವಳು ನೀನು. ತರಗತಿಗೆ ಮೊದಲಿಗಳಾದ ನನಗೆ ಅದು ಹೊಳೆಯಲಿಲ್ಲ.

ಫೋನನ್ನು ತೆರೆದೆ. ಬೇಡದ್ದನ್ನು ತೆಗೆದು ಜಾಗ ಮಾಡಿಕೊಡುವ ವ್ಯವಸ್ಥೆ ಅದರಲ್ಲೇ ಇದೆ. ಅದು ಒಂದೇ ತರಹದ ಚಿತ್ರಗಳನ್ನು ಗುಂಪುಗುಂಪಾಗಿ ಜೋಡಿಸಿ, ಪ್ರತಿ ಗುಂಪಿನಲ್ಲೂ ಚೆನ್ನಾಗಿ ಬಂದ ಒಂದನ್ನು ಉಳಿಸಿ ಮಿಕ್ಕದ್ದನ್ನು ಅಳಿಸಲೇ ಎಂದು ಕೇಳಿತು. ಎರಡು ಸಾವಿರಕ್ಕೂ ಹೆಚ್ಚು ಚಿತ್ರಗಳು. ಒಂದೇ ಬಿಂಗ್ಕ ಐದು ಸಲ. ಹೂವಿನಚ್ಚಿನ ಒಂದೊಂದು ಎಸಳೂ ಅದೇ, ಅಂಚಿನ ಸುಟ್ಟ ಕಲೆಯೂ ಅದೇ. ಒಂದೇ ಬಾಳೆಲೆಯ ಪೊಟ್ಟಣ ಒಂಬತ್ತು ಸಲ. ಅಡುಗೆಮನೆಯ ಗೂಟಕ್ಕೆ ನೇತುಹಾಕಿದ ನನ್ನ ಹಸಿರು ಪ್ಲಾಸ್ಟಿಕ್ ಗ್ಲಾಸು, ಅದಂತೂ ನೂರಕ್ಕೂ ಹೆಚ್ಚು ಸಲ. ನಾನು ಗಟ್ಟಿಯಾಗಿ ನಕ್ಕೆ. "ಒಂದೇ ತಿಂಡಿ ಫೋಟೊ ಇಷ್ಟು ಸಲ ಯಾಕಮ್ಮ?" ಎಂದು ಕೂಗಿ ಕೇಳಿದೆ. ಒಳಗಿನಿಂದ ನೀನು "ಅಷ್ಟು ಬೇಕಲ್ಲ ಗಲುಹ್, ಅದಕ್ಕೆ" ಎಂದೆ. ನೀನು ಹೇಳಿದ್ದೆ, ಅಮ್ಮಾ. ಮುಚ್ಚಿಡದೆ, ನೇರವಾಗಿ ಹೇಳಿದ್ದೆ. ನಾನು ಅದನ್ನು ಉತ್ತರವೆಂದು ಎಣಿಸಲೇ ಇಲ್ಲ. ಒಂದು ಒತ್ತಿಗೆ ಎಲ್ಲವನ್ನೂ ಅಳಿಸಿ, ಫೋನನ್ನು ನಿನ್ನ ಕೈಗಿತ್ತು, "ಕಸ ತೆಗೆದಿದ್ದೀನಿ. ಇನ್ಮೇಲಾದ್ರೂ ಒಂದಕ್ಕೆ ಒಂದೇ ಸಲ ಹೊಡಿ" ಎಂದೆ. ನೀನು ಅದನ್ನು ಮುಸುಕಿನ ಅಂಚಿನಲ್ಲಿ ಒರೆಸಿ, "ಹಗುರಾಯ್ತು" ಎಂದೆ.

ಹಬ್ಬಕ್ಕೆ ಅಂದು ಇನ್ನೂ ಹನ್ನೊಂದು ದಿನವಿತ್ತು.

ಫೋನು ಬರುವುದಕ್ಕೆ ಮೊದಲು ನೀನು ಲೆಕ್ಕ ಹೇಗಿಡುತ್ತಿದ್ದೆಯೆಂದು ಅಚಿಲ್‌ಳನ್ನು ಕೇಳಿದೆ. ಹುಲ್ಲಿನ ಹುರಿಗೆ ಗಂಟು ಹಾಕಿ, ದೋಣಿ ನಡೆಸುವಾಗ ತಲೆಗಿಡುವ ಅಗಲ ಟೋಪಿಯ ಒಳಗೆ ಕಟ್ಟುತ್ತಿದ್ದೆಯಂತೆ. ಆ ಗಂಟುಗಳನ್ನು ನಾನು ಚಿಕ್ಕಂದಿನಿಂದ ಕಂಡಿದ್ದೇನೆ. ಅಲಂಕಾರವೆಂದುಕೊಂಡಿದ್ದೆ. ಶಾಲೆಯಲ್ಲಿ 'ನನ್ನ ತಾಯಿ' ಎಂಬ ಪ್ರಬಂಧ ಬರೆಯುವಾಗ ಆ ಟೋಪಿಯನ್ನು ಅರ್ಧ ಪುಟ ವರ್ಣಿಸಿದ್ದೆ. ಜಿಲ್ಲೆಗೇ ಮೊದಲ ಬಹುಮಾನ ಬಂತು. ನೀನು ಅದನ್ನು ಓದು ಎಂದೆ, ನಾನು ಓದಿದೆ. ಮತ್ತೆ ಓದು ಎಂದೆ. ಪ್ರತಿ ವರ್ಷ ಅಂಕಪಟ್ಟಿ ಬಂದಾಗಲೂ ಹಾಗೆಯೇ: "ನೀನೇ ಓದು ಮಗಳೇ, ನಿನ್ನ ಬಾಯಲ್ಲಿ ಕೇಳೋಕೆ ಚೆಂದ." ನನ್ನ ದನಿಯನ್ನು ಸವಿಯುತ್ತಿದ್ದೀಯೆಂದು ಬೀಗುತ್ತಿದ್ದೆ. ಗುರುವಾರ ಸಂಜೆ ಹೆಂಗಸರ ಜೊತೆ ಕೂತು ಕುರಾನಿನ ಯಾಸಿನ್ ಅಧ್ಯಾಯ ಪಠಿಸುವಾಗ ನಿನ್ನ ಮಡಿಲಲ್ಲಿ ಪುಸ್ತಕ ತೆರೆದೇ ಇರುತ್ತಿತ್ತು, ಹಾಳೆಗಳು ಸರಿಯಾದ ಹೊತ್ತಿಗೆ ತಿರುಗುತ್ತಿದ್ದವು. ಅಷ್ಟನ್ನೂ ನೀನು ಕಂಠದಲ್ಲಿಟ್ಟಿದ್ದೆ. ಅಂಥ ನೆನಪುಳ್ಳವಳು ತನ್ನ ನೆನಪು ಹೋಯಿತೆಂದು ನಂಬಿದ್ದಾಳೆ.

ನೀನು ಯಾಕೆ ಅಷ್ಟು ಬೇಗ ನಂಬಿದೆಯೆಂದು ನನಗೆ ಗೊತ್ತು. ಅಜ್ಜಿ ಒಂದು ಬೆಳಗ್ಗೆ ದೋಣಿ ಬಿಚ್ಚಿಕೊಂಡು, ಮೂವತ್ತು ವರ್ಷದ ಹಿಂದೆ ಸುಟ್ಟುಹೋದ ತವರುಮನೆಯನ್ನು ಹುಡುಕುತ್ತಾ ಹೋದದ್ದು, ನೀನು ಕಾಲುವೆಯಿಂದ ಕಾಲುವೆಗೆ ಅವಳನ್ನು ಕೂಗುತ್ತಾ ಅಲೆದದ್ದು, ಸಿಕ್ಕಾಗ ಅವಳು ನಿನ್ನನ್ನು "ನೀನ್ಯಾರ ಮಗಳಮ್ಮ?" ಎಂದು ಕೇಳಿದ್ದು. ದಾರಿ ಮರೆಯುವ ಮೊದಲೇ ದೋಣಿಯನ್ನು ಕೊಟ್ಟುಬಿಡಬೇಕೆಂದು ನೀನು ನಿಶ್ಚಯಿಸಿದ್ದೀಯೆ. ನನಗೆ ಆ ಕಷ್ಟ ಬಾರದಿರಲೆಂದು.

ಆದರೆ ನನ್ನ ಎದೆಗೆ ಬಿದ್ದ ಏಟು ಇದಲ್ಲ. ಅದು ಅಚಿಲ್ ಕೊನೆಗೆ ಹೇಳಿದ ಮಾತು. "ನಂಗೆ ಅನುಮಾನ ಬಂದಿತ್ತು ರೌದಾ. 'ಮಗಳು ಹೋಗೋ ದಿನ ಫೋನ್ ಮುಟ್ಟಿದ್ಲಲ್ಲ, ಅವಳೇ ಏನಾದ್ರೂ ಮಾಡಿರಬಹುದಾ' ಅಂತ ಕೇಳಿದೆ. ನಿಮ್ಮಮ್ಮ ಹುಟ್ಟು ಎತ್ತಿ ನನ್ನ ದೋಣಿಗೆ ಕುಟ್ಟಿದ್ಲು. 'ನನ್ನ ಮಗಳು ತಪ್ಪು ಮಾಡಲ್ಲ. ಹನ್ನೆರಡು ವರ್ಷ ಒಂದನೇ ನಂಬರು. ಅವಳು ಕಸ ಅಂದ್ರೆ ಕಸಾನೇ. ತಪ್ಪು ಮಾಡಿರೋದು ನಾನು' ಅಂದ್ಲು. ಈಗ ನೀನೇ ಹೇಳು, ಮುಟ್ಟಿದ್ದು ಹೌದಾ?"

ನಾನು ಉತ್ತರಿಸಲಿಲ್ಲ. ಇದನ್ನು ನಿನಗೆ ಓದಿ ಹೇಳುವಾಗ ನನ್ನ ದನಿ ಇಲ್ಲಿ ನಿಂತರೆ ಕಾಯಬೇಕು. "ಅಮ್ಮನ ತಪ್ಪಿಲ್ಲ, ಅಳಿಸಿದ್ದು ನಾನು" ಎನ್ನಲು ನಾಲ್ಕು ಪದ ಸಾಕಿತ್ತು. ನಾಲಗೆ ಹೊರಳಲಿಲ್ಲ. ತಪ್ಪೊಪ್ಪಿಕೊಂಡು ಅಭ್ಯಾಸವಿಲ್ಲದ ನಾಲಗೆ. "ಭಾನುವಾರದೊಳಗೆ ಬರ್ತೀನಿ, ಮಾರೋಕೆ ಬಿಡಬೇಡಿ" ಎಂದಷ್ಟೇ ಹೇಳಿ ಕರೆ ಮುಗಿಸಿದೆ. ನನ್ನ ಮೇಲಿನ ನಂಬಿಕೆಗಾಗಿ ನಿನ್ನ ಬುದ್ಧಿಯನ್ನೇ ನೀನು ಬಿಟ್ಟುಕೊಟ್ಟೆ. ನಾನು ನಿನಗಾಗಿ ಒಂದು ವಾಕ್ಯವನ್ನೂ ಬಿಟ್ಟುಕೊಡಲಿಲ್ಲ.

ಕೋಣೆಗೆ ಹೋಗಿ ಹುಡುಕಿದೆ. ಆ ಫೋನು ನನ್ನ ಹೆಸರಿನ ಖಾತೆಯಲ್ಲೇ ಇರುವುದರಿಂದ ಅಳಿಸಿದ ಚಿತ್ರಗಳು ಎರಡು ತಿಂಗಳು ಕಸದ ಬುಟ್ಟಿಯಲ್ಲಿ ಉಳಿಯುತ್ತವೆ, ನನ್ನ ಫೋನಿನಿಂದಲೂ ನೋಡಬಹುದು. ಎಲ್ಲವೂ ಅಲ್ಲಿದ್ದವು. ಅವನ್ನು ನೀನು ತೆಗೆದ ಅನುಕ್ರಮದಲ್ಲಿ ಜೋಡಿಸಿ ಮೊದಲ ಸಲ ಓದಿದೆ. ಓದಿದೆ ಎಂಬ ಪದವನ್ನೇ ಬರೆಯುತ್ತಿದ್ದೇನೆ. ನೀಲಿ ಬಾಗಿಲಿನ ಮೆಟ್ಟಿಲು, ಆಮೇಲೆ ಬಿಂಗ್ಕ, ಬಿಂಗ್ಕ, ಬಿಂಗ್ಕ, ಬಿಂಗ್ಕ, ಬಿಂಗ್ಕ. ಅದು ಹಜ್ಜಾ ಜಮ್ರಾಳ ಮನೆ. ಐದು. ಅಮ್ಮಾ, ಐದೇ ಇದೆ. ಮುರಿದ ಕಟಕಟೆಯ ಮೆಟ್ಟಿಲು, ಪೊಟ್ಟಣ ಒಂಬತ್ತು. ಮಸೀದಿಯ ಕೆಳಗಿನ ಮನೆ, ಮೂರು. ಮೂರು ವರ್ಷದ ಲೆಕ್ಕ, ಎಲ್ಲೂ ಒಂದು ತಪ್ಪಿಲ್ಲ. ನನ್ನ ಯಾವ ಉತ್ತರಪತ್ರಿಕೆಯೂ ಅಷ್ಟು ಅಚ್ಚುಕಟ್ಟಾಗಿಲ್ಲ. ಒಂದೊಂದನ್ನೂ ಹಿಂದಕ್ಕೆ ಹಾಕಿದ್ದೇನೆ. ಪೆಟ್ಟಿಗೆಯಿಂದ ಫೋನು ತೆಗೆದು ಹಚ್ಚಿದರೆ ನಿನ್ನ ಪುಸ್ತಕ ನಿನಗೆ ಸಿಗುತ್ತದೆ. ಜಾಗ ಸಾಲದಿದ್ದರೆ ನಿನ್ನ ಫೋನಿನಲ್ಲಿ ನಾನು ತುಂಬಿಟ್ಟ ನನ್ನ ಬಹುಮಾನ ಸಮಾರಂಭಗಳ ವಿಡಿಯೊಗಳಿವೆ. ಅವು ಬಹಳ ಭಾರ. ಅವನ್ನು ಅಳಿಸೋಣ.

ಕೊನೆಗೆ ಉಳಿದದ್ದು ಹಸಿರು ಗ್ಲಾಸು. ಅದರ ಮುಂದೆ ಯಾರ ಮನೆಯ ಮೆಟ್ಟಿಲೂ ಇರಲಿಲ್ಲ, ಯಾವ ತಿಂಡಿಯೂ ಇರಲಿಲ್ಲ. ದಿನಕ್ಕೊಂದು ಚಿತ್ರ, ಎಲ್ಲವೂ ಸಂತೆಗೆ ಹೊರಡುವ ಹೊತ್ತಿನವು. ಎಣಿಸಿದೆ. ನೂರ ಹದಿನೇಳು. ಕ್ಯಾಲೆಂಡರ್ ಇಳಿಸಿ, ಉಪವಾಸದ ಹಬ್ಬ ಮುಗಿಸಿ ನಾನು ಹೊರಟ ದಿನದಿಂದ ರಜೆಗೆ ಮನೆಗೆ ಬಂದ ದಿನದವರೆಗೆ ಎಣಿಸಿದೆ. ನೂರ ಹದಿನೇಳು. ಈ ಸಲ ನಾನು ಹೊರಟ ಮೇಲೂ ಹನ್ನೊಂದಿವೆ. ಹನ್ನೊಂದನೆಯದು ಹಬ್ಬದ ಬೆಳಗ್ಗಿನದು. ಆಮೇಲೆ ಇಲ್ಲ.

ನಾನು ನಕ್ಕದ್ದು ಇದಕ್ಕೆ. ಕಸ ಎಂದದ್ದು ಇದನ್ನು.

ನಾಳಿದ್ದು ಸೋಮವಾರ ನನಗೆ ಪರೀಕ್ಷೆಯಿದೆ. ನಾನು ಅಲ್ಲಿರುವುದಿಲ್ಲ. ಈ ಸಲದ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಒಂದು ಇರಲಾರದು. ಎರಡೋ ಹತ್ತೋ ಏನಿದ್ದರೂ ನಾನೇ ನಿನಗೆ ಓದಿ ಹೇಳುತ್ತೇನೆ. ಸೋಮವಾರ ಬೆಳಗ್ಗೆ ನಿನ್ನ ದೋಣಿಯ ಮುಂತುದಿಯಲ್ಲಿ ಕೂತು ಹಜ್ಜಾ ಜಮ್ರಾಳ ನೀಲಿ ಬಾಗಿಲಿಗೆ ಬರುತ್ತೇನೆ. ನಾಲ್ಕು ತಾಟು ನದಿಗೆ ಬೀಳಲಿಲ್ಲ, ಅವನ್ನು ಅಳಿಸಿದವಳು ನಾನು ಎಂದು ನನ್ನ ಬಾಯಿಂದಲೇ ಹೇಳುತ್ತೇನೆ. ಉಳಿದ ಮೂರು ಮನೆಗಳಿಗೂ ಹೇಳುತ್ತೇನೆ. ಅಚಿಲ್ ರುಸ್ಮಿನಾಗೂ ಹೇಳುತ್ತೇನೆ. ಆಮೇಲೆ ಇಡೀ ನದಿಗೆ ಹೇಳುವ ಶ್ರಮ ನನಗಿರುವುದಿಲ್ಲ.

ನೀನು ನನ್ನನ್ನು ಕ್ಷಮಿಸಬೇಕೆಂದು ಇಲ್ಲಿ ಬರೆದು ನಿನ್ನನ್ನು ಕಟ್ಟಿಹಾಕುವುದಿಲ್ಲ. ಆದರೆ ಓದುವುದನ್ನು ನಾನು ನಿಲ್ಲಿಸಿದಾಗ ನಿನ್ನ ಕಡೆಗೆ ನೋಡಲು ನನಗೆ ಧೈರ್ಯವಿರುವುದಿಲ್ಲ, ಕಾಗದವನ್ನೇ ನೋಡುತ್ತಿರುತ್ತೇನೆ. ಅದಕ್ಕೆ ನಿನ್ನ ಬರವಣಿಗೆಯಲ್ಲೇ ಉತ್ತರ ಕೊಡು. ಇನ್ನೂ ಸಿಟ್ಟಿದ್ದರೆ ಗ್ಲಾಸು ಗೂಟದಲ್ಲೇ ಇರಲಿ. ಎಷ್ಟು ದಿನ ಇದ್ದರೂ ಈ ಮೆಟ್ಟಿಲ ಮೇಲೆ ಕೂತು ನಾನು ಎಣಿಸುತ್ತೇನೆ. ಸಿಟ್ಟಿಲ್ಲದಿದ್ದರೆ ಅದನ್ನು ಕೆಳಗಿಳಿಸಿ, ಚಹಾ ಹಾಕಿ, ಏನೂ ಹೇಳದೆ ನನ್ನ ಪಕ್ಕದಲ್ಲಿಡು.

ನಿನ್ನ ಕೈಯ ಹುಟ್ಟು ಇನ್ನೂ ಅನೇಕ ಮೌಲೂದ್‌ಗಳ ನೀರು ಕಾಣಲಿ. ನಿನ್ನ ಎಣಿಕೆಯ ಮೇಲೆ ಇನ್ನು ಯಾರ ಬೆರಳೂ ಬೀಳದಿರಲಿ.

ನಿನ್ನ ಹತ್ತಿರ ಓದು ಕಲಿಯಲು ಬರುತ್ತಿರುವ ಮಗಳು,
ರೌದಾ