ಹನ್ನೊಂದನೇ ಮಂಚದ ಪಕ್ಕದ ಸ್ಟೂಲು

ಫೆಬ್ರವರಿ ೩೦, ೨೧೭೩
ಮಧ್ಯಾಹ್ನ

ಹಿರೇಕಟ್ಟಿ ಆಸ್ಪತ್ರೆಯ ಹೆಡ್ ಸಿಸ್ಟರ್ ಸುನಂದಾ ಬಾರಕೇರ ಅವರಿಗೆ, ಅದೇ ಆಸ್ಪತ್ರೆಯ ಮುಕ್ತಾ ಹಡಪದ ಮಾಡುವ ನಮಸ್ಕಾರಗಳು.

ತಾರೀಕು ನೋಡಿ ನಗಬೇಡಿ. ಪಾಳಿ ಹಂಚುವುದು ಸುಲಭವಾಗಲೆಂದು ನಮ್ಮವರು ಫೆಬ್ರವರಿಗೂ ಮೂವತ್ತು ದಿನ ಮಾಡಿದ್ದಾರೆ. ಜನವರಿ, ಮಾರ್ಚ್ ತಲಾ ಒಂದು ದಿನ ಬಿಟ್ಟುಕೊಟ್ಟವು. ನನ್ನ ಮಾತು ನಿಮಗೆ ವಿಚಿತ್ರವೆನಿಸಿದರೆ ಅದಕ್ಕೂ ಕ್ಷಮೆ ಇರಲಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಿಮ್ಮದೇ ವಾರ್ಡಿನ ಹಳೇ ರಿಪೋರ್ಟ್ ಪುಸ್ತಕಗಳಿಂದ. ಹೀಗಾಗಿ ಪತ್ರದಲ್ಲಿ ಅಲ್ಲಲ್ಲಿ ಜ್ವರ, ವಾಂತಿ, ಭೇದಿಯ ವಾಸನೆ ಬಂದೀತು.

ಇದು ‘ಹಿಂದಂಚೆ’ಯಲ್ಲಿ ಬರುತ್ತಿದೆ. ಕಳೆದ ಕಾಲಕ್ಕೆ ಪತ್ರ ಒಯ್ಯುವ ವ್ಯವಸ್ಥೆ ಅದು. ನೌಕರಿಯಲ್ಲಿರುವವರಿಗೆ ಜನ್ಮಕ್ಕೊಂದು ಹಾಳೆ ಮಾತ್ರ, ಉತ್ತರ ಬರುವುದಿಲ್ಲ. ಹೆಚ್ಚಿನವರು ಸತ್ತ ಅಜ್ಜ ಅಜ್ಜಿಯರಿಗೆ ಬರೆಯುತ್ತಾರೆ. ನಾನು ಮುಖ ನೋಡದ ನಿಮಗೆ ಬರೆಯುತ್ತಿದ್ದೇನೆ.

ನನ್ನ ಹುದ್ದೆಯ ಹೆಸರು ‘ಇರುವವಳು’. ನಲವತ್ತು ಮಂಚಗಳ ಮಹಡಿಗೆ ಮನುಷ್ಯರೆಂದು ಒಬ್ಬರಾದರೂ ಇರಬೇಕೆಂಬ ಕಾನೂನಿದೆ, ಆ ಒಬ್ಬಳು ನಾನು. ನಾಡಿ, ಜ್ವರ, ರಕ್ತದೊತ್ತಡ ಎಲ್ಲವನ್ನೂ ಗೋಡೆಗಳೇ ನೋಡುತ್ತವೆ. ಮಾತ್ರೆ ತಾನಾಗಿ ಮಂಚಕ್ಕೆ ಬರುತ್ತದೆ. ನಾನು ಪ್ರತಿ ಮಂಚದ ಕಾಲ ಬಳಿ ನಿಂತು, ಹೇಗಿದ್ದೀರಿ ಎಂದು ಕೇಳಿ, ಮುಂದೆ ಹೋಗಬೇಕು. ಸೊಂಟದಿಂದ ಪಾದದವರೆಗೆ ‘ನಿಲುಗಾಲು’ ಬಿಗಿದುಕೊಂಡಿರುತ್ತೇನೆ. ಹಗುರವಾದ ಲೋಹದ ಕಟ್ಟು ಅದು. ಹನ್ನೆರಡು ತಾಸು ನಿಂತರೂ ಕಾಲು ನೋಯುವುದಿಲ್ಲ, ಆದರೆ ಮಂಡಿ ಕೂರುವಷ್ಟು ಮಡಚುವುದೂ ಇಲ್ಲ. ಇಡೀ ಆಸ್ಪತ್ರೆಯಲ್ಲಿ ಕೂರಲು ಒಂದು ಮಣೆಯೂ ಸಿಗದು. ಮೇಲಿನ ಮಹಡಿಯ ‘ಇರುವವನ’ನ್ನು ಆರು ವರ್ಷದಲ್ಲಿ ಎರಡು ಸಲ ನೋಡಿದ್ದೇನೆ, ಎರಡೂ ಸಲ ಲಿಫ್ಟಿನಲ್ಲಿ. ಇಷ್ಟು ಜನರ ನಡುವೆ ಇಷ್ಟು ಒಂಟಿಯಾಗಿರಬಹುದೆಂದು ನೌಕರಿಗೆ ಸೇರುವ ಮೊದಲು ನನಗೆ ಗೊತ್ತಿರಲಿಲ್ಲ.

ಪ್ರತಿ ಮಂಚದ ಪಕ್ಕ ಒಂದು ‘ಮೆಚ್ಚುಗೆಕಲ್ಲು’ ಇದೆ. ಸಂಜೆ ರೋಗಿ ಅದನ್ನೊತ್ತಿ ನಮ್ಮ ಸೇವೆಗೆ ಹತ್ತರಲ್ಲಿ ಅಂಕ ಕೊಡಬೇಕು. ಒಬ್ಬರು ಒಂಬತ್ತಕ್ಕಿಂತ ಕಡಿಮೆ ಕೊಟ್ಟರೂ ಮರುದಿನ ನಮ್ಮ ‘ಉಸಿರುಗಡುವು’ ರದ್ದು. ಮಧ್ಯಾಹ್ನ ನಿಲುಗಾಲು ಬಿಚ್ಚಿ ಕೆಳಗಿನ ಕೋಣೆಯಲ್ಲಿ ಮಲಗಲು ಸಿಗುವ ಅರ್ಧ ತಾಸಿಗೆ ಆ ಹೆಸರು. ಈ ಗುಟ್ಟನ್ನು ರೋಗಿಗಳಿಗೆ ಹೇಳಬಾರದೆಂದು ನಿಯಮವಿದೆ. ಆದರೆ ಆಸ್ಪತ್ರೆಯಲ್ಲಿ ಗುಟ್ಟು ಎಷ್ಟು ದಿನ ನಿಂತೀತು? ನನ್ನ ಮಹಡಿಯಲ್ಲಿ ಆರು ವರ್ಷದಿಂದ ಎಲ್ಲರೂ ಹತ್ತಕ್ಕೆ ಹತ್ತು ಒತ್ತುತ್ತಿದ್ದರು. ನನ್ನ ಕೈಗುಣವೇ ಅಂಥದ್ದೆಂದು ಬೀಗುತ್ತಿದ್ದೆ, ದಡ್ಡಿ.

ಹೋದ ವಾರ ಹನ್ನೊಂದನೇ ಮಂಚಕ್ಕೆ ಗುರುಬಸವ್ವ ಬಂದಳು. ಮೋಡ ಕಾಯುವ ಇಲಾಖೆಯಲ್ಲಿ ನಲವತ್ತು ವರ್ಷ ದುಡಿದಾಕೆ, ಹೊಟ್ಟೆಯ ಆಪರೇಷನ್ ಆಗಿತ್ತು. ನೋಡಲು ಯಾರೂ ಬರುತ್ತಿರಲಿಲ್ಲ. ನಾನು ಕಾಲ ಬಳಿ ನಿಂತು ಕೇಳಿದಾಗಲೆಲ್ಲ ಆರಾಮಿದ್ದೇನೆ ಎನ್ನುತ್ತಿದ್ದಳು, ಸಂಜೆ ಕಲ್ಲಿನ ಮೇಲೆ ಹತ್ತು ಒತ್ತುತ್ತಿದ್ದಳು. ಎರಡನೇ ದಿನ ಗಂಜಿ ಹಾಗೇ ಉಳಿದಿತ್ತು. ಮೂರನೇ ದಿನ ಅವಳ ಮುಷ್ಟಿ ಹಾಸಿಗೆಯ ಬಟ್ಟೆಯನ್ನು ಹಿಡಿದುಕೊಂಡಿತ್ತು. ಎರಡನ್ನೂ ನಾನು ನೋಡಿದೆ. ನೋಡಿಯೂ ಹನ್ನೆರಡನೇ ಮಂಚಕ್ಕೆ ಹೋದೆ. ಆಮೇಲೆ ನಡೆದ ವಿಚಾರಣೆಯಲ್ಲಿ ಹೇಳದ ಮಾತು ಇದು, ನಿಮಗೆ ಹೇಳುತ್ತಿದ್ದೇನೆ.

ನಾಲ್ಕನೇ ದಿನ ಬೆಳಿಗ್ಗೆ ಅವಳ ಮುಂದೆಯೇ ನನ್ನ ಎಡಗಾಲಿನ ಕಟ್ಟು ಮುರಿಯಿತು. ಬೇರೆಯದು ಬರಲು ಒಂದು ತಾಸು ಬೇಕೆಂದರು. ಗೋಡೆ ಹಿಡಿದು ನಿಂತಿರಬೇಕೆಂಬುದು ನಿಯಮ. ನನಗೆ ರೇಗಿಹೋಯಿತು. ಎರಡೂ ಕಾಲಿನದನ್ನು ಕಿತ್ತುಹಾಕಿ ಅವಳ ತಲೆದಿಂಬಿನ ಬಳಿ ನೆಲದ ಮೇಲೆ ಕುಳಿತೆ. ಅವಳ ಮುಖ ನನ್ನ ಮುಖದ ಎತ್ತರಕ್ಕೆ ಬಂತು. ಆರು ವರ್ಷದಲ್ಲಿ ರೋಗಿಯೊಬ್ಬರ ಮುಖವನ್ನು ಅಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ. ಅವಳು ನನ್ನ ಹೆಗಲ ಮೇಲೆ ಕೈಯಿಟ್ಟಳು.

“ಹೊಟ್ಟಿ ಎಡಕ್ಕ ಹಿಂಡಾಕತ್ತೈತವ್ವಾ. ಮೂರ ದಿನ ಆತು.”

ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ಲವೆಂದು ಗದರಿದೆ.

“ನೀ ನಿಂತಿದ್ದಿ,” ಅಂದಳು. “ನಿಂತಾಕಿಗೆ ಏನಂತ ಹೇಳೂದು? ಮ್ಯಾಲ ನೋವಂತ ಅಂಕ ಇಳಿಸಿದ್ರ ನಿನ್ನ ಅರ್ಧಾ ತಾಸು ಕಸಗೊಂತಾರ.”

ಆಗಲೂ ಗೋಡೆ, ಎಲ್ಲ ಸರಿಯಿದೆ ಎಂಬಂತೆ, ಹಸಿರಾಗಿಯೇ ಇತ್ತು. ಗೋಡೆಗೆ ಗೊತ್ತಾಗುವುದು ಕೆಟ್ಟ ಮೇಲೆ, ರೋಗಿಯ ಬಾಯಿಗೆ ಗೊತ್ತಿರುವುದು ಕೆಡುವ ಮೊದಲು. ನಾನು ಕೂಗಿ ಡಾಕ್ಟರನ್ನು ಕರೆಸಿದೆ. ಒಳಗೆ ಹಾಕಿದ್ದ ಹೊಲಿಗೆ ಬಿಟ್ಟು ನಂಜೇರಿತ್ತು. ಎರಡು ದಿನ ಮೊದಲೇ ಗೊತ್ತಾಗಿದ್ದರೆ ಉಳಿಯುತ್ತಿದ್ದಳು ಎಂದರು. ಮರುದಿನ ಬೆಳಿಗ್ಗೆ ತೀರಿಕೊಂಡಳು.

ವಿಚಾರಣೆ ಒಂದು ಗಳಿಗೆಯಲ್ಲಿ ಮುಗಿಯಿತು. ಮೂರು ದಿನವೂ ರೋಗಿಯೇ ಹತ್ತಕ್ಕೆ ಹತ್ತು ಕೊಟ್ಟಿರುವುದರಿಂದ ಸೇವೆಯಲ್ಲಿ ಲೋಪವಿಲ್ಲ ಎಂದು ತೀರ್ಮಾನವಾಯಿತು. ಅಷ್ಟೇ ಅಲ್ಲ, ನನಗೆ ಬಹುಮಾನವೆಂದು ಒಂದಿಡೀ ತಾಸಿನ ಉಸಿರುಗಡುವು ಕೊಟ್ಟರು. ಈ ಪತ್ರವನ್ನು ಆ ತಾಸಿನಲ್ಲೇ ಬರೆಯುತ್ತಿದ್ದೇನೆ. ಗುರುಬಸವ್ವ ನೋವು ನುಂಗಿ ನನಗಾಗಿ ಗಳಿಸಿಕೊಟ್ಟ ತಾಸು ಇದು. ಮಲಗಲು ಮನಸ್ಸಾಗಲಿಲ್ಲ.

ಹಳೇ ಕಾಗದ ಇಟ್ಟಿರುವ ನೆಲಮನೆಗೆ ಬಂದು ಹುಡುಕಿದೆ. ನಾವು ಯಾವಾಗಿನಿಂದ ನಿಂತಿದ್ದೇವೆಂದು ನೋಡಬೇಕಿತ್ತು. ಸಿಕ್ಕಿತು. ಸಿಬ್ಬಂದಿ ಕುಳಿತಿರುವುದು ರೋಗಿಗಳ ಕಡೆಯವರ ಕಣ್ಣಿಗೆ ಬಿದ್ದರೆ ಆಸ್ಪತ್ರೆಯ ಅಂಕ ಕಡಿಮೆಯಾಗುತ್ತದೆ, ಆದ್ದರಿಂದ ವಾರ್ಡುಗಳ ಸ್ಟೂಲುಗಳನ್ನು ತೆಗೆಯತಕ್ಕದ್ದು ಎಂಬ ಆದೇಶ ಅದು. ಅಂಚಿನಲ್ಲಿ ಪೆನ್ಸಿಲಿನಿಂದ ನೀವು ಬರೆದಿದ್ದೀರಿ: ‘ರೋಗಿಗಳ ಹತ್ತಿರ ಕೂತು ಮಾತಾಡುವುದು ಹೇಗೆ?’ ಆಮೇಲೆ ಅದನ್ನು ಹೊಡೆದುಹಾಕಿ ಕೆಳಗೆ ಸಹಿ ಮಾಡಿದ್ದೀರಿ. ಮೊದಲು ನಿಮ್ಮ ಮೇಲೆ ಸಿಟ್ಟು ಬಂತು. ಆಮೇಲೆ ನಿಮ್ಮ ವಾರ್ಡಿನ ಪಾಳಿ ಪಟ್ಟಿ ನೋಡಿದೆ. ಅರವತ್ತು ರೋಗಿಗಳಿಗೆ ಇಬ್ಬರೇ ಸಿಸ್ಟರುಗಳು, ಒಂದೂವರೆ ವರ್ಷದಲ್ಲಿ ನಿಮಗೆ ಒಂದು ರಜೆಯೂ ಇಲ್ಲ. ಅಷ್ಟು ದಣಿದವಳ ಮುಂದೆ ಕಾಗದ ಹಿಡಿದರೆ ನಾನೂ ಸಹಿ ಮಾಡುತ್ತಿದ್ದೆನೋ ಏನೋ.

ಈ ಪತ್ರ ಸಹಿಯ ಹಿಂದಿನ ದಿನ ನಿಮ್ಮ ಮೇಜಿಗೆ ಬರುವಂತೆ ಕಳಿಸುತ್ತಿದ್ದೇನೆ. ನಿಮ್ಮಲ್ಲಿ ಬೇಡಿಕೊಳ್ಳುವುದು ಇಷ್ಟೇ. ಪೆನ್ಸಿಲಿನ ಆ ಸಾಲನ್ನು ಹೊಡೆದುಹಾಕಬೇಡಿ. ಸಹಿ ಮಾಡಬೇಡಿ. ಅಂಕ ಹೋದರೆ ಹೋಗಲಿ. ಮಂಚಕ್ಕೊಂದು ಸ್ಟೂಲು ಇರಲಿ, ಅದರ ಮೇಲೆ ಕೂರಲು ಪುರುಸೊತ್ತಿರುವಷ್ಟು ಜನರನ್ನು ಕೊಡಿ ಎಂದು ಮೇಲಿನವರ ಹತ್ತಿರ ಜಗಳವಾಡಿ.

ಹಿಂದಂಚೆಯವರು ಒಂದು ಮಾತು ಹೇಳಿದರು. ಹಿಂದೆ ಏನಾದರೂ ಬದಲಾದರೆ ನಮಗಿಲ್ಲಿ ತಿಳಿಯುವುದಿಲ್ಲವಂತೆ, ಮೊದಲಿನಿಂದಲೂ ಹಾಗೇ ಇದ್ದಂತೆ ಅನ್ನಿಸುತ್ತದಂತೆ. ನಾಳೆ ಬೆಳಿಗ್ಗೆ ಹನ್ನೊಂದನೇ ಮಂಚದ ಪಕ್ಕ ಸ್ಟೂಲು ಇಲ್ಲದಿದ್ದರೆ, ನೀವು ಸಹಿ ಮಾಡಿದಿರೆಂದು ನನಗೆ ಗೊತ್ತಾಗುತ್ತದೆ. ಇದ್ದರೆ, ಈ ಪತ್ರ ಬರೆದದ್ದೂ ನೆನಪಿರುವುದಿಲ್ಲ, ನಿಮ್ಮ ಹೆಸರೂ ನೆನಪಿರುವುದಿಲ್ಲ. ಸ್ಟೂಲನ್ನು ಎಳೆದುಕೊಂಡು ಕುಳಿತು, ಎಲ್ಲಿ ನೋಯುತ್ತದೆ ಗುರುಬಸವ್ವಾ ಎಂದು ಕೇಳುತ್ತಿರುತ್ತೇನೆ. ಆಗ ನಿಮಗೆ ಥ್ಯಾಂಕ್ಸ್ ಹೇಳಲು ಆಗುವುದಿಲ್ಲ, ಸಿಸ್ಟರ್. ಅದಕ್ಕೇ ಈಗಲೇ ಹೇಳುತ್ತಿದ್ದೇನೆ.

ಮುಕ್ತಾ