ಹೊರಗೆ ಹಾಕಿದ್ದು ನಮ್ಮ ನಾಯಕನನ್ನು, ಬೈದವರನ್ನಲ್ಲ

ಆನ್‌ಲೈನ್ ಆಟದ ಶಿಸ್ತು ವಿಭಾಗದ ಮುಖ್ಯಸ್ಥರಿಗೆ ಒಂದು ಬಹಿರಂಗ ಪತ್ರ,

ಮಾನ್ಯರೇ,

ಇವತ್ತು ಬೆಳಿಗ್ಗೆ ಶಂಕರಪುರಂನ ನಮ್ಮ ಸೈಬರ್ ಕೆಫೆಯಲ್ಲಿ, ನಮ್ಮ ತಂಡದ ನಾಯಕ ಕೂರುವ ಕಿಟಕಿ ಪಕ್ಕದ ಕಂಪ್ಯೂಟರಿನ ಹೆಡ್‌ಫೋನಿಗೆ ಯಾರೋ ಒಂದು ಮೊಳ ಮಲ್ಲಿಗೆ ಸುತ್ತಿಟ್ಟಿದ್ದರು. ಹೂವು ಇನ್ನೂ ಬಾಡಿರಲಿಲ್ಲ. ಎದ್ದವರೇ ಗಾಂಧಿ ಬಜಾರಿಗೆ ಹೋಗಿ, ಚೌಕಾಸಿ ಮಾಡಿ ತಂದಿರಬೇಕು. ಒಬ್ಬ ಹುಡುಗನನ್ನು ಗೇಲಿ ಮಾಡಲು ಇಷ್ಟು ಶ್ರಮ ಪಡುವವರು ನಮ್ಮಲ್ಲಿದ್ದಾರೆ. ಆದರೆ ಅವರಿಗೆ ಆ ಹುಡುಗನ ಹೆಸರು, ಅವನು ಆಡುವ ಕೆಫೆ, ಅವನ ಮನಸ್ಸಿನ ವಿಷಯ ಎಲ್ಲವನ್ನೂ ಒದಗಿಸಿಕೊಟ್ಟವರು ತಾವು. ನನ್ನ ದೂರು ಇಷ್ಟೇ: ಬೈಸಿಕೊಂಡವನನ್ನು ಹೊರಗೆ ಹಾಕಿದಿರಿ, ಬೈದವರನ್ನು ಒಳಗೇ ಇಟ್ಟುಕೊಂಡಿರಿ.

ಈ ಪತ್ರಿಕೆಯ ಓದುಗರಲ್ಲಿ ಇಂಥ ಆಟ ಆಡದವರೇ ಹೆಚ್ಚು, ಅವರಿಗಾಗಿ ಎರಡು ಮಾತು. ಐದು ಜನರ ಒಂದು ತಂಡ, ಅವರಿಗೊಂದು ಕೋಟೆ. ಬೇರೆಲ್ಲೋ ಕುಳಿತ ಇನ್ನೈದು ಜನರ ಕೋಟೆಯನ್ನು ಒಡೆಯಬೇಕು, ತಮ್ಮದನ್ನು ಉಳಿಸಿಕೊಳ್ಳಬೇಕು. ಆಡುತ್ತಲೇ ಎಲ್ಲರೂ ಹೆಡ್‌ಫೋನಿನಲ್ಲಿ ಮಾತಾಡಿಕೊಳ್ಳಬಹುದು. ಆಟದಲ್ಲಿ ಎಲ್ಲರಿಗೂ ಒಂದು ಕಟ್ಟುಹೆಸರು. ನಿಜವಾದ ಹೆಸರು ಶಿಸ್ತು ವಿಭಾಗದ ಬಳಿ ಮಾತ್ರ ಇರುತ್ತದೆ. ಪ್ರತಿ ತಂಡಕ್ಕೂ ಹೊಸಬರನ್ನು ಕರೆಯಲು ಒಂದು ಫಲಕವಿದೆ. ನಮ್ಮ ನಾಯಕ ಅದರಲ್ಲಿ ಬರೆದದ್ದು ಇಷ್ಟು: "ನಮ್ಮ ಕೋಟೆಗೆ ಯಾರು ಬೇಕಾದರೂ ಬನ್ನಿ. ಗಂಡನ್ನು ಪ್ರೀತಿಸುವ ಗಂಡಾದರೂ ಸರಿ, ಹೆಣ್ಣನ್ನು ಪ್ರೀತಿಸುವ ಹೆಣ್ಣಾದರೂ ಸರಿ. ನಾನೂ ಅಂಥವನೇ. ಇಲ್ಲಿ ಬೈಗುಳಕ್ಕೆ ಮಾತ್ರ ಜಾಗವಿಲ್ಲ."

ಅವನು ಅದನ್ನು ತನ್ನ ಕಟ್ಟುಹೆಸರಿನಲ್ಲಿ ಬರೆದಿದ್ದ. ಇದನ್ನು ದಯವಿಟ್ಟು ನೆನಪಿಡಿ.

ಆಮೇಲೆ ಮಾತು ಶುರುವಾಯಿತು. ತಮ್ಮ ಯಂತ್ರ ಟೈಪ್ ಮಾಡಿದ ಇಂಗ್ಲಿಷ್ ಬೈಗುಳಗಳನ್ನು ಮಾತ್ರ ಚುಕ್ಕಿ ಹಾಕಿ ಮರೆಮಾಡುತ್ತದೆ. ಕನ್ನಡದ ಮಾತು ಅದರ ಪಾಲಿಗೆ ಮಂಗಳವಾದ್ಯ. ಎದುರು ತಂಡದವನೊಬ್ಬ ಕೂಗಿದ: "ಏನ್ ಮಗಾ, ನಿಮ್ ಕ್ಯಾಪ್ಟನ್ನು ಬಳೆ ತೊಟ್ಕೊಂಡ್ ಬಂದಿದಾನಾ?" ಇನ್ನೊಬ್ಬ: "ಲೋ, ಅವ್ನಿಗ್ ಕತ್ತಿ ಯಾಕ್ರೋ, ಹಸೆಮಣೆ ಮೇಲ್ ಕೂರ್ಸ್ರೋ." ನಮ್ಮ ನಾಯಕ ದನಿ ಏರಿಸಲಿಲ್ಲ. "ಬಳೆ ವಿಷ್ಯ ಆಮೇಲ್ ಮಾತಾಡೋಣ ಗುರು, ಮೊದ್ಲು ಹಿಂದೆ ತಿರುಗ್ ನೋಡು, ನಿನ್ ಕೋಟೆ ಬಾಗ್ಲು ಬಿತ್ತು," ಅಂದ. ಬಾಗಿಲು ನಿಜವಾಗಿಯೂ ಬಿದ್ದಿತ್ತು. ಇಲ್ಲಿ ಬರೆಯಲಾಗದ ಮಾತುಗಳು ಬಂದದ್ದು ಅದರ ನಂತರ. ಹಳೆಯ ಕಾವ್ಯಗಳಲ್ಲಿ ನಾನು ಸಾಕಷ್ಟು ಯುದ್ಧ ಓದಿದ್ದೇನೆ. ಅಲ್ಲಿಯೂ ಮೂದಲಿಕೆ ಉಂಟು. ಆದರೆ ಸೋತವನು ಗೆದ್ದವನ ಹಾಸಿಗೆಯ ಸುದ್ದಿ ಎತ್ತಿದ್ದನ್ನು ನಾನು ಎಲ್ಲಿಯೂ ಓದಿಲ್ಲ.

ಸೋತವರು ಒಟ್ಟಾಗಿ ದೂರು ಕೊಟ್ಟರು. ಯಾರ ಮೇಲೆ ಹೆಚ್ಚು ದೂರು ಬಂತೋ ಅವರೇ ತಪ್ಪಿತಸ್ಥರು ಎಂಬುದು ತಮ್ಮ ಕಚೇರಿಯ ನ್ಯಾಯ. ಆ ಐವರ ದೂರಿನ ಎದುರು ನಮ್ಮ ನಾಯಕ ಒಬ್ಬನೇ ಇದ್ದ. ಮಾರನೆಯ ದಿನ ಆಟ ತೆರೆದ ಕೂಡಲೇ ಪ್ರತಿಯೊಂದು ಕಂಪ್ಯೂಟರಿನಲ್ಲಿಯೂ ತಮ್ಮ ಪ್ರಕಟಣೆ: ಅವನ ಕಟ್ಟುಹೆಸರು, ಅದರ ಪಕ್ಕದಲ್ಲಿ ಅವನ ನಿಜವಾದ ಹೆಸರು, ಅವನು ಆಡುವ ಕೆಫೆ, ಮತ್ತು ಅಪರಾಧ, "ಲೈಂಗಿಕ ವಿಷಯದ ಪ್ರಚಾರ". ಅವನ ಹೆಸರನ್ನು ಈ ಪತ್ರದಲ್ಲಿ ನಾನು ಬರೆಯುವುದಿಲ್ಲ. ಆ ಕೆಲಸವನ್ನು ತಾವು ಈಗಾಗಲೇ ಅಚ್ಚುಕಟ್ಟಾಗಿ ಮಾಡಿದ್ದೀರಿ.

ಅಂದು ಸಂಜೆ ಅವನ ತಾಯಿ ಕೆಫೆಗೆ ಬಂದರು. ಚಾಮರಾಜಪೇಟೆಯಲ್ಲಿ ತರಕಾರಿ ವ್ಯಾಪಾರ ಮಾಡುವವರು. ಮಗ ಊಟ ಬಿಟ್ಟಿದ್ದಾನೆ, ಏನಾಯಿತೆಂದು ಯಾರೂ ಹೇಳುತ್ತಿಲ್ಲ. ಬಾಗಿಲಲ್ಲಿ ನಿಂತ ಅವರಿಗೆ ಸಾಲಾಗಿ ಎಲ್ಲ ಪರದೆಗಳ ಮೇಲೂ ಒಂದೇ ಬರಹ ಕಾಣುತ್ತಿತ್ತು. ಅದು ಇಂಗ್ಲಿಷಿನಲ್ಲಿತ್ತು. ಮೂಲೆಯಲ್ಲಿ ಕುಳಿತಿದ್ದ ಒಬ್ಬ, "ಅಮ್ಮಾ, ನಿಮ್ ಮಗನ್ ವಿಷ್ಯಾನೇ ಇರೋದು, ಓದಿ ಹೇಳ್ಲಾ?" ಎಂದು ಕುರ್ಚಿ ತಿರುಗಿಸಿದ. ಪಕ್ಕದವರು ನಗು ತಡೆದುಕೊಂಡಿದ್ದರು. ಕೆಫೆಯ ಮಾಲೀಕರಾದ ಬದರೀನಾರಾಯಣ ಅವರು ತಲೆ ತಗ್ಗಿಸಿ ಚಿಲ್ಲರೆ ಜೋಡಿಸತೊಡಗಿದರು. ಆಕೆ ಮೂಲೆಯವನ ಕಡೆ ನೋಡದೆ ನನ್ನ ಹತ್ತಿರ ಬಂದರು.

"ಓದಿದ್ ಮಗು ನೀನು. ಏನ್ ಬರ್ದವ್ರೆ, ಒಸಿ ಹೇಳವ್ವ."

ಪದವಿ ಪರೀಕ್ಷೆಯಲ್ಲಿ ಅನುವಾದಕ್ಕೆ ಒಳ್ಳೆಯ ಅಂಕ ಪಡೆದವಳು ನಾನು. ತಮ್ಮ ವಾಕ್ಯವನ್ನು ಒಬ್ಬ ತಾಯಿಗೆ ಹೇಳಬಹುದಾದ ಕನ್ನಡಕ್ಕೆ ತರಲು ಆಗಲಿಲ್ಲ. ಕೊನೆಗೆ ಹೇಳಿದೆ: "ಎಲ್ರೂ ಬನ್ನಿ ಅಂತ ಆಟಕ್ಕೆ ಕರೆದ, ಅಂತ ಬರ್ದಿದಾರೆ, ಅಮ್ಮ."

"ಅದ್ಕೇ ಆಚೆ ಹಾಕವ್ರಾ?"

"ಹೂಂ."

"ಇದ್ಯಾವ್ ಸೀಮೆ ಆಟ!" ಎಂದವರು, ತಂದಿದ್ದ ಬುತ್ತಿಯನ್ನು ನನ್ನ ಕೈಗಿಟ್ಟು, ಅವನು ಬಂದರೆ ಕೊಡಲು ಹೇಳಿ ಹೋದರು.

ಅವನು ಅಂದು ಕೆಫೆಗೆ ಬರಲಿಲ್ಲ. ಮನೆಗೆ ಹೋಗಿ, ಬೇರೆ ಯಾರಾದರೂ ಹೇಳುವ ಮೊದಲು ಹೇಳಬೇಕೆಂಬ ಅವಸರದಲ್ಲಿ, ತಾನೇ ತಾಯಿಗೆ ಎಲ್ಲವನ್ನೂ ಹೇಳಿದ. ಅವರು ಏನೆಂದರು ಎಂಬುದು ಅವರ ಮನೆಯ ಮಾತು, ತಮಗೂ ಬೇಡ, ನನಗೂ ಬೇಡ. ಆದರೆ ಯಾರಿಗೆ, ಯಾವಾಗ, ಯಾವ ಮಾತಿನಲ್ಲಿ ಹೇಳಬೇಕು ಎನ್ನುವುದು ಅವನ ಕೈಯಲ್ಲಿತ್ತು. ಆಟದೊಳಗೆ ಒಂದು ಹೆಸರಿನಲ್ಲಿ ಹೇಳಿಕೊಂಡಿದ್ದ, ಬೀದಿಯಲ್ಲಿ ಇನ್ನೊಂದು ಹೆಸರಿನಲ್ಲಿ ಸುಮ್ಮನಿದ್ದ. ಆ ಎರಡು ಹೆಸರುಗಳನ್ನು ಜೋಡಿಸಿ ಗೋಡೆಗೆ ಅಂಟಿಸುವ ಅಧಿಕಾರವನ್ನು ತಮಗೆ ಕೊಟ್ಟವರು ಯಾರು?

ನಾನು ತಮಗೆ ಬರೆದೆ. ಉತ್ತರ ಬಂತು, ಅದಕ್ಕೆ ಕೃತಜ್ಞಳು. ಇಂಥ ಬರಹದಿಂದ ಇತರ ಆಟಗಾರರು ಕೆರಳಿ ಬೈಯುವ ಸಂಭವವಿರುವುದರಿಂದ, "ಸದರಿ ಆಟಗಾರರ ಹಿತದೃಷ್ಟಿಯಿಂದಲೇ" ಈ ಕ್ರಮವಂತೆ. ಎಂಥ ಕಾಳಜಿ! ಬಸ್ಸಿನಲ್ಲಿ ಹೆಣ್ಣುಮಕ್ಕಳನ್ನು ಪೀಡಿಸುತ್ತಾರೆ, ಆದ್ದರಿಂದ ಹೆಣ್ಣುಮಕ್ಕಳನ್ನು ಬಸ್ಸಿನಿಂದ ಇಳಿಸಿದ್ದೇವೆ ಎಂದು ಸಾರಿಗೆಯವರು ಬರೆದರೆ ತಾವು ಒಪ್ಪುತ್ತೀರಾ? ಈ ಆಟದಲ್ಲಿ ದಿನಕ್ಕೆ ಎಷ್ಟು ಸಲ ತಲೆ ಕಡಿಸಿಕೊಳ್ಳುತ್ತೇವೆಂದು ನಮಗೇ ಲೆಕ್ಕವಿಲ್ಲ. ಅದು ಮಕ್ಕಳಿಗೆ ಯೋಗ್ಯ ಎಂದು ಆಟದ ಸಿ.ಡಿ. ಪೆಟ್ಟಿಗೆಯ ಮೇಲೆಯೇ ಅಚ್ಚಾಗಿದೆ. ಗೆದ್ದ ಹುಡುಗರು ತಮ್ಮ ಹುಡುಗಿಯರ ಹೆಸರನ್ನು ಫಲಕದಲ್ಲಿ ಬರೆದು ಹೃದಯದ ಚಿತ್ರ ಹಾಕುತ್ತಾರೆ. ಅದು ಲೈಂಗಿಕ ವಿಷಯವಲ್ಲವೇ? ಅಲ್ಲ, ಅದು ಪ್ರೀತಿ. ಹಾಗಾದರೆ ನಮ್ಮ ನಾಯಕನದು ಏನು? ಗಂಡು ಗಂಡಿನ ಕೂಟವನ್ನು ಅಪರಾಧವೆನ್ನುವ ೩೭೭ನೆಯ ಕಲಮಿನ ಕಡೆಯೂ ತಾವು ಬೆರಳು ತೋರಿಸಿದ್ದೀರಿ. ಸ್ವಾಮಿ, ಅವನು ಕರೆದದ್ದು ಕೋಟೆ ಕಾಯಲು.

ಆದ್ದರಿಂದ ನನ್ನ ಒತ್ತಾಯ ಇದು. ಆ ಪ್ರಕಟಣೆಯನ್ನು ಇಂದೇ ತೆಗೆಯಿರಿ. ನಮ್ಮ ನಾಯಕನನ್ನು, ಅವನು ಬರೆದ ಮಾತಿನ ಸಮೇತ, ಮರಳಿ ಸೇರಿಸಿ. ಇನ್ನು ಮುಂದೆ ಯಾರ ನಿಜವಾದ ಹೆಸರನ್ನೂ ಬಯಲಿಗೆ ಹಾಕುವುದಿಲ್ಲವೆಂದು ಬರೆದುಕೊಡಿ. ಕನ್ನಡ ಬಲ್ಲ ಒಬ್ಬರನ್ನು ಕೂರಿಸಿ, ಆ ದಿನದ ಮಾತುಗಳನ್ನು ಕೇಳಿಸಿಕೊಂಡು, ಆಮೇಲೆ ಹೇಳಿ ಯಾರು ಹೊರಗೆ ಹೋಗಬೇಕೆಂದು.

ಈ ಪತ್ರ ಬರೆಯಲು ಅವನ ಒಪ್ಪಿಗೆ ಕೇಳಿದಾಗ, "ಬರಿ. ಆದ್ರೆ ಓದೋರು ಪಾಪ ಅನ್ನೋ ಹಾಗೆ ಬರೀಬೇಡ ಕಣೆ," ಅಂದ. ಪ್ರಯತ್ನಿಸಿದ್ದೇನೆ.

ಭಾನುವಾರ ಮಲ್ಲೇಶ್ವರದ ಸಭಾಂಗಣದಲ್ಲಿ ಅಂತಿಮ ಪಂದ್ಯ. ಫಲಕದ ಆ ಸಾಲನ್ನು ಅಳಿಸಿ ಹೊಸ ನಾಯಕನನ್ನು ಸೂಚಿಸಿದರೆ ಆಡಬಹುದೆಂದು ತಾವು ಅನುಮತಿಸಿದ್ದೀರಿ. ತಂಡದವರು ನನ್ನನ್ನು ಸೂಚಿಸಿದ್ದಾರೆ. ನಾನು ಮಾತು ಕಡಿಮೆಯವಳು. ಇದುವರೆಗೆ ಗಂಡಸಿನ ಕಟ್ಟುಹೆಸರಿನಲ್ಲಿ, ಮೈಕು ಮುಚ್ಚಿಕೊಂಡು ಆಡಿದವಳು. ಹೆಣ್ಣಿನ ದನಿ ಕೇಳಿದರೆ ಅಲ್ಲಿ ಏನೇನು ಬರುತ್ತದೆಂದು ಗೊತ್ತಿದ್ದರಿಂದ. ಇವತ್ತು ಮಧ್ಯಾಹ್ನ, ಯಾರಿಗೂ ಹೇಳದೆ, ಆ ಸಾಲನ್ನು ಒಂದಕ್ಷರ ಬದಲಿಸದೆ ಫಲಕದಲ್ಲಿ ಮತ್ತೆ ಬರೆದೆ. ಕೆಳಗೆ ನನ್ನ ನಿಜವಾದ ಹೆಸರು ಹಾಕಿದ್ದೇನೆ, ತಮಗೆ ಹುಡುಕುವ ತೊಂದರೆ ಬೇಡವೆಂದು. ಭಾನುವಾರ ನಾಯಕನ ಕುರ್ಚಿಯನ್ನು ಖಾಲಿ ಬಿಟ್ಟು ನಾಲ್ವರೇ ಆಡುತ್ತೇವೆ, ತಾವು ಒಳಗೆ ಬಿಟ್ಟರೆ. ನನ್ನ ಮೈಕು ತೆರೆದಿರುತ್ತದೆ.

ಇಂತಿ,
ತಮ್ಮ ಕಡತದಲ್ಲಿ ಇನ್ನೂ 'ವಜ್ರಮುಷ್ಟಿ' ಎಂಬ ಗಂಡಸಾಗಿರುವ,
ಅಕ್ಷಯಾ
ಶಂಕರಪುರಂ, ಬೆಂಗಳೂರು, ೨೦೦೭